ಮೂರಾದ ಮೇಲೆ ಐದು

ಬ್ಯಾಲರಾಟಿನ ಜುಲೈ. ಮರಳಿನ ಗುಂಡಿಯಲ್ಲಿ
ಇಬ್ಬನಿ ಇನ್ನೂ ಹೆಪ್ಪು. ಒಳಗೆ ಚಾಪೆಯ ಮೇಲೆ
ನೀಲಗಿರಿಯ ಒಣಕಾಯಿ ಸುರಿದುಕೊಂಡು ಕೂತಿದ್ದೇವೆ
ನಾನು ಮತ್ತು ಮಾರ್ನಿ.

ಬೆರಳಿಟ್ಟು ಎಣಿಸುತ್ತಾಳೆ: ಒಂದು, ಎರಡು, ಮೂರು,
ಐದು.
ಮತ್ತೆ ಮೊದಲಿಂದ. ಒಂದು, ಎರಡು, ಮೂರು,
ಹಳ್ಳ ದಾಟುವವಳಂತೆ ಒಂದು ಗಳಿಗೆ ನಿಂತು
ಐದಕ್ಕೆ ಜಿಗಿಯುತ್ತಾಳೆ.

'ತಿದ್ದಬೇಡ, ಕೇಳು' ಅಂದಿದ್ದಳು ಗ್ಲೆನಿಸ್,
ಮೂವತ್ತು ವರ್ಷ ಇದೇ ಚಾಪೆಗೆ ಮಂಡಿ ಸವೆಸಿದವಳು.
ಮೆಟ್ಟಿಲು ಹತ್ತಿಸಿದೆ. ಬಿಸ್ಕತ್ತು ಹಂಚಿಸಿದೆ.
ನಾಲ್ಕು ಬಟ್ಟಲಿಗೆ ನಾಲ್ಕು, ಕೈ ತಪ್ಪಲೇ ಇಲ್ಲ.
ಬಾಯಿ ಮಾತ್ರ ಒಲ್ಲೆ ಅನ್ನುತ್ತದೆ.

ಕೊನೆಗೆ ಕೇಳಿದೆ: ನಾಲ್ಕೆಲ್ಲಿ ಹೋಯಿತೇ ಮಾರ್ನಿ?
ಇಷ್ಟೂ ತಿಳಿಯದವಳೇ ಎಂಬಂತೆ ನನ್ನ ನೋಡಿ
ಎದೆಗೆ ಕೈಯಿಟ್ಟಳು:
'ನಾಲ್ಕು ಅಂದರೆ ನಾನು.'

ಕಾಯಿಗಳ ಸಾಲಲ್ಲಿ ತನ್ನನ್ನೇ ಹೇಗೆ ಇಟ್ಟಾಳು?
ನನ್ನ ಭಾಷೆಗೂ ಗೊತ್ತು ಈ ಸಂಕೋಚ.
ವಸ್ತುವಾದರೆ ನಾಲ್ಕು, ಮನುಷ್ಯರಾದರೆ ನಾಲ್ವರು;
ಒಂದೇ ಬುಟ್ಟಿಗೆ ಹಾಕುವುದಿಲ್ಲ.

ಸುಮ್ಮನೆ ಸಾಲಿನ ನಡುವೆ ಜಾಗ ಬಿಟ್ಟೆ.
ಮೂರು ಕಾಯಿ, ಆಮೇಲೆ ಅವಳು, ಚಕ್ಕಳಮಕ್ಕಳ ಹಾಕಿ,
ಆಮೇಲೆ ಇನ್ನೊಂದು ಕಾಯಿ.
ಒಂದು, ಎರಡು, ಮೂರು,
ನಾಲ್ಕು!
ಕೋಟು ಹಾಕಿಕೊಳ್ಳುತ್ತಿದ್ದ ಮಕ್ಕಳೆಲ್ಲ ತಿರುಗಿದರು.
ಐದನ್ನು ಮೆಲ್ಲಗೆ ಹೇಳಿ ಮುಗಿಸಿದಳು.

ಆಗಸ್ಟಿನಲ್ಲಿ ಹುಟ್ಟುಹಬ್ಬ. ಕೇಕಿನ ಕೆನೆ
ಮೂಗಿಗೆ ಮೆತ್ತಿಕೊಂಡೇ ಬತ್ತಿಗಳನ್ನು ಎಣಿಸಿದಳು:
ಒಂದು, ಎರಡು, ಮೂರು, ನಾಲ್ಕು,
ಆರು.

ಗ್ಲೆನಿಸ್ ನನ್ನತ್ತ ನೋಡಿದಳು.
ನಾನು ಕಾಯಿಯ ಬುಟ್ಟಿ ತರಲು ಎದ್ದೆ.