ಮೂತಿ ಮುರಿದ ರೊಟ್ಟಿ

ಕುತಾಯಿಸಿಯಲ್ಲಿ, ರಿಯೋನಿ ಹೊಳೆಯ ಬಿಳಿ ಸೇತುವೆ ದಾಟಿ
ಎಡಕ್ಕೆ ಹೊರಳಿದರೆ, ಆರು ಮೆಟ್ಟಿಲು ಕೆಳಗೆ
ಜೂಜುನಾಳ ರೊಟ್ಟಿ ಒಲೆ.
ಬೋರ್ಡಿಲ್ಲ. ಮೂವತ್ತೊಂದು ವರ್ಷದಿಂದ
ಘಮವೇ ಬೋರ್ಡು.

ಈಗ ಸೊಸೆ ತ್ಸಿಯಾಲಾ ಹಟ ಹಿಡಿದಿದ್ದಾಳೆ:
ಹೆದ್ದಾರಿ ಬದಿಯ ಹೊಸ ದೊಡ್ಡಂಗಡಿಗೆ ದಿನಕ್ಕೆ ಇನ್ನೂರು ರೊಟ್ಟಿ,
ಚೀಲದ ಮೇಲೆ ಲೋಗೋ ಇರಲೇಬೇಕಂತೆ.
ಹಾಗಾಗಿ ನಾನು, ಅಕ್ಷರ ಬರೆದು ಹೊಟ್ಟೆ ಹೊರೆಯುವವನು,
ಬಗಲಲ್ಲಿ ಮೂರು ಹಾಳೆ ಇಟ್ಟುಕೊಂಡು ಮೆಟ್ಟಿಲಿಳಿದೆ.

ಮೊದಲನೆಯದು ಲಾಂಛನ:
ಗುರಾಣಿ, ಗೋಧಿತೆನೆ, ಹಿಂಗಾಲ ಮೇಲೆ ನಿಂತ ಸಿಂಹ.
ಹಿಟ್ಟಿನ ಕೈ ಒರೆಸಿಕೊಳ್ಳದೆಯೇ ನೋಡಿದಳು.
"ಸಿಂಹ ರೊಟ್ಟಿ ತಿನ್ನುತ್ತದೇನಪ್ಪ?
ಯಾವನೋ ದ್ರಾಕ್ಷಾರಸದ ಸಾಹುಕಾರನಿಗೆ ಹೊಲಿದ ಅಂಗಿ ಇದು,
ನನ್ನ ಹೆಗಲಿಗೆ ಜೋತಾಡುತ್ತದೆ."

ಎರಡನೆಯದು ಬರೀ ಒಂದು ವೃತ್ತ, ನಡುವೆ ಚುಕ್ಕಿ.
ಈಗಿನ ಕಾಲದ್ದು, ಎಂದೆ. ಎಷ್ಟು ಕಮ್ಮಿಯೋ ಅಷ್ಟು ಚೆಂದ, ಎಂದೆ.
"ಬ್ಯಾಂಕಿನವರು ಹೀಗೇ ಇರುತ್ತಾರೆ, ನುಣ್ಣಗೆ,
ಸಾಲ ಕೇಳುವವರೆಗೆ."

ಮೂರನೆಯದರಲ್ಲಿ ಮೀಸೆಯ ಬಾಣಸಿಗ, ಬಿಳಿ ಟೊಪ್ಪಿ, ನಗು.
ಅದಕ್ಕೆ ಅವಳು ನಗಲಿಲ್ಲ.
"ಗಂಡ ಇದ್ದಾಗಲೂ ಒಲೆಗೆ ಬಗ್ಗಿದವಳು ನಾನು.
ಅವನು ಚಿಲ್ಲರೆ ಎಣಿಸುತ್ತಿದ್ದ, ತಪ್ಪು ತಪ್ಪಾಗಿ."
ತೋಳು ಚಾಚಿದಳು: ಮೊಣಕೈವರೆಗೆ ಒಂದು ಕೂದಲಿಲ್ಲ,
ಎಲ್ಲ ಕೆಂಡ ಬೋಳಿಸಿದೆ.

ನಾನು ವಾದ ಮಾಡಬಹುದಿತ್ತು. ಮಾಡಿದೆ ಕೂಡ, ಸ್ವಲ್ಪ,
ಬಣ್ಣದ ಬಗ್ಗೆ, ದೂರಕ್ಕೆ ಕಾಣುವುದರ ಬಗ್ಗೆ,
ನಮ್ಮ ಅಕ್ಷರಗಳ ಬಗ್ಗೆ: ಮೂಲೆಯಿಲ್ಲದ, ದುಂಡಗಿನ,
ನಾದಿಟ್ಟ ಹಿಟ್ಟಿನಂತೆ ಹೇಳಿದತ್ತ ಬಾಗುವಂಥವು.
ಬರೀ ನಿಮ್ಮ ಹೆಸರನ್ನೇ ಬರೆದುಬಿಟ್ಟರೆ?
"ನನ್ನ ಹೆಸರು ಸಾಲದ ಪುಸ್ತಕದಲ್ಲಿದೆ, ಅಷ್ಟು ಸಾಕು."
ಮಾತು ಅಲ್ಲಿಗೆ ನಿಂತಿತು. ಅವಳು ತಲೆಕೆಳಗಾಗಿ
ಸೊಂಟದವರೆಗೆ ಒಲೆಯೊಳಗಿಳಿದು
ಹಿಟ್ಟಿನ ದೋಣಿಯೊಂದನ್ನು ಮಣ್ಣಿನ ಗೋಡೆಗೆ ಬಡಿದು
ಎದ್ದು ಬಂದಳು, ಬಾವಿಯಿಂದ ಬಂದವಳ ಹಾಗೆ.

"ಕೂಲಿ ಅಂತ ಇದನ್ನಾದರೂ ಹಿಡಿ."
ಹಳೇ ಪತ್ರಿಕೆಯಲ್ಲಿ ಸುತ್ತಿದ ಬಿಸಿ ರೊಟ್ಟಿ.

ಸೇತುವೆಯ ಮೇಲೆ ಹಲ್ಲು ಕಡಿಸುವ ಚಳಿ.
ಕಂಕುಳಲ್ಲಿ ರೊಟ್ಟಿ, ಜ್ವರದ ಮಗುವಿನ ಮೈ.
ಮನೆ ಮುಟ್ಟಿದಾಗ ಹೆಂಡತಿ ಕೇಳಿದ್ದು ಒಂದೇ:
"ಇದರ ಮೂತಿ ಎಲ್ಲಿ?"
ಮುರಿದದ್ದೇ ನನಗೆ ನೆನಪಿರಲಿಲ್ಲ.
ಕೈ ಮುರಿದಿತ್ತು, ಬಾಯಿ ತಿಂದಿತ್ತು,
ನಾನು ಲೋಗೋದ ಚಿಂತೆಯಲ್ಲಿದ್ದೆ.

ಮಾರನೇ ದಿನ ಸೇತುವೆಯ ಕಂಬಿಗೊರಗಿ ಎಣಿಸಿದೆ.
ಶಾಲೆಯ ಹುಡುಗಿ, ಟ್ಯಾಕ್ಸಿಯವನು,
ಊರುಗೋಲಿನ ಮುದುಕ, ಗಡ್ಡದ ತುಂಬ ಚೂರು ಉದುರಿಸಿಕೊಂಡ ಪಾದ್ರಿ,
ಒಟ್ಟು ಹದಿನೇಳು ಜನ.
ಒಬ್ಬರ ಕೈಯಲ್ಲೂ ಇಡೀ ರೊಟ್ಟಿಯಿಲ್ಲ.

ನಾಲ್ಕನೇ ಹಾಳೆ: ಕುಡುಗೋಲಿನಂತೆ ಬಾಗಿದ ರೊಟ್ಟಿ,
ಒಂದು ತುದಿ ಚೂಪು, ಇನ್ನೊಂದು ತುದಿ ಹರಿದದ್ದು.
ಬಣ್ಣ ಒಂದೇ, ಇದ್ದಿಲಿನದು.
ಜೂಜುನಾ ಈ ಸಲ ಕೈ ಒರೆಸಿಕೊಂಡಳು.

ದೊಡ್ಡಂಗಡಿಯ ಮ್ಯಾನೇಜರ್ ಒಪ್ಪಲಿಲ್ಲ, ಫೋನು ಮಾಡಿದ:
"ಒಡೆದ ಮಾಲಿನ ಥರ ಕಾಣುತ್ತೆ, ಗಿರಾಕಿಗಳು ವಾಪಸು ತರ್ತಾರೆ."
ಸೊಸೆಯ ಕೈಯಿಂದ ಫೋನು ಕಿತ್ತುಕೊಂಡು ಮುದುಕಿ ಕೇಳಿದಳು:
"ಮಗೂ, ನಿಮ್ಮಮ್ಮ ನಿನ್ನನ್ನು ರೊಟ್ಟಿಗೆ ಕಳಿಸುತ್ತಿದ್ದಳಲ್ಲ,
ಒಂದಾದರೂ ಇಡಿಯಾಗಿ ಮನೆ ಸೇರಿತ್ತಾ?"
ಆ ಕಡೆಯಿಂದ ಬಹಳ ಹೊತ್ತು
ಉಸಿರಷ್ಟೇ ಕೇಳುತ್ತಿತ್ತು.

ಸಿಂಹದ ಹಾಳೆ ದಂಡವಾಗಲಿಲ್ಲ.
ಒಲೆಕೋಣೆಯ ಒಡೆದ ಕಿಟಕಿಗೆ ಅಂಟಿಸಿದ್ದಾಳೆ.
ಗಾಳಿ ನುಗ್ಗಿದಾಗ ಅದು ಹೊಟ್ಟೆ ಉಬ್ಬಿಸುತ್ತದೆ,
ಹಿಂದಕ್ಕೆ ಸರಿದಾಗ ಒಳಗೆಳೆದುಕೊಳ್ಳುತ್ತದೆ,
ಬೆಳಗಿನಿಂದ ಏನೂ ತಿಂದಿಲ್ಲದ ಹಾಗೆ.