ಮೂವತ್ತೇಳನೇ ತಟ್ಟೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ
ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದು ಹೋದೆ.
ಜೈತುನ್‌ಬಿ ಮರಳಿನ ಜರಡಿ ಇಳಿಸಿ ಬಾಯಿ ತೆರೆದಳು:
ಒಳಗೆ ಕೆಂಪು, ನುಣುಪು, ಹಸಿ.
ಹೊಗೆ ದಿನವೂ ಹಾಯುವ ಬಾಗಿಲು.

"ಪಿಎಚ್‌ಡಿ ಮುಗಿದ ಮ್ಯಾಲೂ ಓದೋದೈತಾ?
ಇಷ್ಟು ಓದಿ ಕೊನೀಗೆ ನಮ್ಮ ಕಫ ಬೇಕಾತಾ?"
ಮದ್ದು ಕೊಡುವ ಡಾಕ್ಟರಲ್ಲ ನಾನು ಅಂದೆ.
ಅರ್ಧ ನಿರಾಸೆ, ಅರ್ಧ ನಗು.

ಕುರಿಯ ರಕ್ತ ಬೆರೆಸಿದ ತಟ್ಟೆಯಲ್ಲಿ
ರಾತ್ರಿಯಿಡೀ ಅವಳ ಗಂಟಲು ಬೆಳೆಯಿತು:
ನಡುವೆ ತಗ್ಗಿದ ಪುಟ್ಟ ಹನಿಗಳು,
ಸುತ್ತ ಪಾಚಿಹಸಿರು.

ಲೋಳೆಯಡಿಯ ಕೋಟಿ ರೋಮಗಳು
ಗುಡಿಸುತ್ತಲೇ ಇರಬೇಕು, ಮೇಲಕ್ಕೆ, ಮೇಲಕ್ಕೆ.
ಹೊಗೆ ಕುಡಿದು ಅವು ಮಲಗಿದ ಕಡೆ
ಇದು ಕೈಯೂರಿ ಕೂತಿದೆ,
ಬಾಡಿಗೆ ಕರಾರಿಲ್ಲದೆ.

ಎರಡು ವರ್ಷ ಆ ಹಿಡಿತವನ್ನಷ್ಟೇ ಅಳೆದೆ.
ಯಾವ ಸಕ್ಕರೆಗೆ ಯಾವ ಕೊಕ್ಕೆ,
ಪುಟಗಟ್ಟಲೆ ಬರೆದೆ.
ಒಲೆಗೆ ಹಳೆ ಟೈರು ಯಾಕೆ ಬಿತ್ತು?
ಆ ಕಾಲಂ ನನ್ನ ನಮೂನೆಯಲ್ಲಿರಲಿಲ್ಲ.

ಮತ್ತೆ ಹೋಗಿ ಅದರ ಹೆಸರು ಹೇಳಿದೆ.
ತಿರುಗಿ ಹೇಳಲು ಹೋಗಿ ಕೆಮ್ಮಿದಳು,
ಕಣ್ಣೊರೆಸಿಕೊಂಡಳು:
"ಅಬ್ಬಾ, ಇಷ್ಟುದ್ದ ಹೆಸರು!
ನನ್ನ ಗಂಟ್ಲಾಗೆ ಹೆಂಗ್ ಹಿಡೀತು?"

ಅದೇ, ಜೈತುನ್‌ಬಿ.
ನನ್ನ ಅರ್ಜಿಯ ಮೊದಲ ಸಾಲೂ ಅದೇ.