ಗಾರ್ಬಲ್

ನೆಟ್‌ವರ್ಕ್ ಕ್ಲಾಸಿನಲ್ಲಿ ಬೊಳ್ಳಮ್ಮ ಮೇಡಂ
ಬೋರ್ಡಿನ ಮೇಲೆ ಬರೆದರು:
ದಾರಿಯಲ್ಲಿ ಸಂದೇಶ ಕಲಸಿಹೋದರೆ
ಅದು ಗಾರ್ಬಲ್.
ನಾನು ಕೈಯೆತ್ತಿದೆ, ಇಳಿಸಿದೆ.

ನಮ್ಮ ಮನೆಯಲ್ಲಿ ಆ ಪದಕ್ಕೆ ಬೇರೆ ಅರ್ಥ.
ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ ಅಮ್ಮ
ಇಪ್ಪತ್ತೆರಡು ವರ್ಷ ಗಾರ್ಬ್ಲಿಂಗ್ ಹೆಂಗಸು.
ಕಾಲು ನೀಡಿ ಕೂತು, ಮೊರದಲ್ಲಿ ಬೆರಳಾಡಿಸಿ
ಕಪ್ಪು ಅತ್ತ, ಕಂದು ಇತ್ತ,
ಚೂರು, ಹುಳ ಕೊರೆದದ್ದು, ಹುಳಿ ಹಿಡಿದದ್ದು,
ಒಂಟಿಕಾಳಿನ ದುಂಡು ಪೀಬೆರಿ ಮಡಿಲ ಹತ್ತಿರ.
ಕಲಸಿದ್ದನ್ನು ಬಿಡಿಸುವುದು ಅವಳ ಗಾರ್ಬಲ್.
ಅವಳನ್ನೊಂದು ಮಾತು ಕೇಳಲು
ಯಾವ ನಿಘಂಟಿಗೂ ಪುರುಸೊತ್ತಾಗಲಿಲ್ಲ.

ಬಬಲ್ ಸಾರ್ಟ್ ಬಾಯಿಪಾಠ ಮಾಡುತ್ತಿದ್ದೆ ಒಂದು ರಾತ್ರಿ.
ಏನೇ ಅದು, ಅಂದಳು.
ಪಕ್ಕಪಕ್ಕದ ಎರಡನ್ನು ಹೋಲಿಸು,
ದೊಡ್ಡದನ್ನು ಬಲಕ್ಕೆ ತಳ್ಳು,
ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ.
ಅಮ್ಮ ಮೀನು ಹೆಚ್ಚುವುದು ನಿಲ್ಲಿಸಿ ನಕ್ಕಳು:
‘ಹಿಂಗೆ ಕೂತರೆ ಸಂಜೆಗೆ ಅರ್ಧ ಮೂಟೆಯೂ ಆಗಲ್ಲ,
ಮೇಸ್ತ್ರಿ ಮನೆಗೆ ಕಳಿಸ್ತಾನೆ.’
ಪುಸ್ತಕವೂ ಅದನ್ನೇ ಹೇಳಿತು,
ನಾಲ್ಕು ಪುಟ ತಡವಾಗಿ, ಗ್ರಾಫ್ ಬಿಡಿಸಿ.

ಮೇಸ್ತ್ರಿ ಕಳಿಸಲಿಲ್ಲ. ಮಿಷನ್ ಕಳಿಸಿತು.
ಬೀಳುವ ಬೀಜವನ್ನು ಗಾಳಿಯಲ್ಲೇ ನೋಡಿ
ಬಣ್ಣ ಸರಿಯಿಲ್ಲದ್ದನ್ನು ಉಫ್ ಎಂದು ಊದಿ
ಆಚೆ ಹಾರಿಸುವ ಮಿಷನ್.
ನಲವತ್ತು ಹೆಂಗಸರಲ್ಲಿ ಆರು ಜನ ಉಳಿದರು.
ಅಮ್ಮನ ಲೆಕ್ಕ ಚುಕ್ತಾ ಆದ ದುಡ್ಡು
ನನ್ನ ಐದನೇ ಸೆಮಿಸ್ಟರಿನ ಫೀಸು.
ರಸೀದಿ ಇನ್ನೂ ಇದೆ, ಅಕ್ಕಿ ಡಬ್ಬದ ಕೆಳಗೆ.

ಕಂಪನಿ ಬಂದ ದಿನ ಐವತ್ತೆಂಟು ಜನ,
ಎಲ್ಲರದೂ ಇಸ್ತ್ರಿ ಮಾಡಿದ ಬಿಳಿ ಅಂಗಿ.
ನಾಲ್ಕು ಸುತ್ತು. ಏಳು ಹೆಸರು.
ನನ್ನ ಮುಂದೆ ‘ನೋಡೋಣ’ ಎಂಬ ಗುರುತು.
‘ಕೋಡನ್ನೂ ಇನ್ನು ಮಿಷನ್ನೇ ಬರೀತದಂತೆ,’
ಕ್ಯಾಂಟೀನಿನಲ್ಲಿ ಫೈಸಲ್ ಅಂದ,
ಬಿಸಿ ಚಹಾಕ್ಕೆ ಉಫ್ ಎಂದು ಊದುತ್ತಾ.
ಪೂವಿ ಬ್ಯಾಂಕ್ ಪರೀಕ್ಷೆಯ ಪುಸ್ತಕ ತೆಗೆದಳು.
ಏಳರಲ್ಲೊಬ್ಬನಾದ ತಿಮ್ಮಯ್ಯ
ಖುಷಿಪಡಲು ನಾಚಿ
ಎಲ್ಲರ ಬಿಲ್ಲು ಕೊಟ್ಟು ಹೋದ.

ಜನವರಿ. ಕಾರ್ಖಾನೆಯ ಅಂಗಳದಲ್ಲಿ
ಲಾರಿಗಳು ಸಾಲುಗಟ್ಟಿದ ಹೊತ್ತಿಗೆ ಫೋನು:
ಮಿಷನ್ ಒಳ್ಳೇ ಬೀಜವನ್ನೂ ಎಸೀತಿದೆ,
ಮೈಸೂರಿನ ಎಂಜಿನಿಯರ್ ಬರೋದು ಸೋಮವಾರ,
ನಿನ್ನ ಮಗಳು ಕಂಪ್ಯೂಟರ್ ಅಲ್ವಾ?

ಹೌದು, ನಾನು ಕಂಪ್ಯೂಟರ್.
ಪರದೆ ಮುಟ್ಟಿದೆ, ಮೆನು ಒಳಗೆ ಮೆನು,
ಮಿತಿ ಏರಿಸಿದೆ, ಇಳಿಸಿದೆ,
ಬೆವರಿದೆ.
ಅಮ್ಮ ಎಸೆದ ರಾಶಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು
ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದಳು.
‘ಬೀಜಕ್ಕೇನೂ ಆಗಿಲ್ಲ. ಎಲ್ಲ ಎಡಗಡೆ ಸಾಲಿನದೇ.
ಅದರ ಕಣ್ಣಲ್ಲಿ ಏನೋ ಬಿದ್ದಿದೆ, ನೋಡು.’

ಎಡಗಡೆಯ ಗಾಜಿನ ಮೇಲೆ ಹೊಟ್ಟಿನ ಧೂಳು,
ಉಗುರಿನಷ್ಟು.
ನಾಲ್ಕು ವರ್ಷದ ಓದು
ದುಪಟ್ಟಾದ ತುದಿಯಲ್ಲಿ ಒರೆಸಿತು.
ಮಿಷನ್ ಮತ್ತೆ ಉಸಿರಾಡಿತು.
ಕೂಲಿ ಏನೂ ಇಲ್ಲ; ಮ್ಯಾನೇಜರ್ ಎರಡು ಕಿಲೊ ಪುಡಿ ಕೊಟ್ಟು
‘ಇಂಥದಕ್ಕೆ ಒಬ್ಬರು ಬೇಕು’ ಅಂದರು,
ಎಷ್ಟು ಸಂಬಳ ಎನ್ನುವ ಮೊದಲೇ
ಲಾರಿಯವನು ಕರೆದ.

ಈಗ ರಾತ್ರಿ, ಯಾವುದೋ ಕಂಪನಿಯ ಅರ್ಜಿ ತುಂಬುತ್ತಿದ್ದೇನೆ.
ಅನುಭವ ಎಂಬ ಜಾಗದಲ್ಲಿ
ಅರ್ಧ ದಿನ ಎಂದು ಬರೆದರೆ
ಅಂಕಿ ಮಾತ್ರ ಹಾಕಿ ಎನ್ನುತ್ತದೆ.
‘ನಂದು ಇಪ್ಪತ್ತೆರಡು ಇದೆಯಲ್ಲ, ಹಾಕ್ಕೋ,’
ಒಳಗಿನಿಂದ ಅಮ್ಮ.
ತಮಾಷೆಗೆ ಹೇಳಿದಳೋ ಏನೋ,
ಬಾಣಲೆಯಲ್ಲಿ ಮೀನು ಸಿಡಿಯುವ ಸದ್ದಿನಲ್ಲಿ
ಸರಿಯಾಗಿ ಕೇಳಿಸಲಿಲ್ಲ.
ಎರಡು ಒತ್ತಿದೆ.
ಇನ್ನೊಂದು ಎರಡರ ಮೇಲೆ
ಬೆರಳು ಇಟ್ಟುಕೊಂಡೇ ಕೂತಿದ್ದೇನೆ.